ಮಧುಮೇಹದಿಂದ ಕಿಡ್ನಿಗೆ ಪೆಟ್ಟು ಬಿದ್ದಾಗ ಗ್ರೋತ್ ಹಾರ್ಮೋನ್: ಚುಚ್ಚಿಸಿಕೊಳ್ಳಬೇಕೇ, ತಡೆಯಬೇಕೇ?

ಪ್ರಶ್ನೆ: ನನಗೆ 44 ವರ್ಷ, ಊರು ದಾವಣಗೆರೆ. ಸಕ್ಕರೆ ಕಾಯಿಲೆ ಬಂದು 9 ವರ್ಷ ಆಯಿತು. ತೂಕ 82 ಕೆ.ಜಿ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳ ರಿಪೋರ್ಟ್‌ನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 8.2, ಕ್ರಿಯಾಟಿನಿನ್ 1.3, ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗ) 69, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 160 ಇದೆ. ಬಿಪಿ 142/88. ಒಂದು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ, ದಿನಕ್ಕೆ ಎರಡು ಸ್ಕೂಪ್ ವೇ ಪ್ರೋಟೀನ್, 5 ಗ್ರಾಂ ಕ್ರಿಯೇಟಿನ್ ತೆಗೆದುಕೊಳ್ಳುತ್ತೇನೆ. ದಿನಕ್ಕೆ 4 ಯೂನಿಟ್ ಗ್ರೋತ್ ಹಾರ್ಮೋನ್ ಚುಚ್ಚಿಕೊಂಡರೆ ಕೊಬ್ಬು ಕರಗುತ್ತದೆ, ಕಿಡ್ನಿಯ ಇಜಿಎಫ್‌ಆರ್ ಕೂಡ ಏರುತ್ತದೆ ಎಂದು ಟ್ರೈನರ್ ಹೇಳುತ್ತಾರೆ. ನನ್ನ ತಮ್ಮ ಮಾತ್ರ, ಮಧುಮೇಹಿಗಳ ಕಿಡ್ನಿ ಕೆಡುವುದೇ ಈ ಹಾರ್ಮೋನ್‌ನಿಂದ, ಅದನ್ನು ತಡೆಯುವ ಇಂಜೆಕ್ಷನ್ ಇದೆ, ಟೆಸ್ಟ್ ಮಾಡಿಸು ಅನ್ನುತ್ತಾನೆ. ಅಕ್ಕನ ಮಗಳಿಗೆ 9 ವರ್ಷ. ಅವಳಿಗೆ ಹುಟ್ಟಿನಿಂದ ಕಿಡ್ನಿ ತೊಂದರೆ ಇದ್ದು, ಡಾಕ್ಟರೇ ಇದೇ ಹಾರ್ಮೋನ್ ಕೊಡುತ್ತಿದ್ದಾರೆ. ಯಾರ ಮಾತು ಸರಿ?

ಉತ್ತರ: ಮೂರು ಕಡೆಯಿಂದ ಮೂರು ಮಾತು ಬಂದು ನೀವು ಗೊಂದಲಕ್ಕೆ ಬಿದ್ದಿರುವುದು ಸಹಜ, ಏಕೆಂದರೆ ಮೂರರಲ್ಲೂ ಅಷ್ಟಿಷ್ಟು ನಿಜ ಇದೆ. ನೀವು ಈ ಇಂಜೆಕ್ಷನ್ ತೆಗೆದುಕೊಳ್ಳಬಾರದು. ಅದನ್ನು ತಡೆಯುವ ಔಷಧವೂ ನಿಮಗೆ ಬೇಡ. ಅಕ್ಕನ ಮಗಳಿಗೆ ಕೊಡುತ್ತಿರುವುದು ಸರಿಯಾದ ಚಿಕಿತ್ಸೆಯೇ, ಆದರೆ ಅವಳ ಲೆಕ್ಕವೇ ಬೇರೆ. ನಿಮ್ಮ ರಿಪೋರ್ಟ್‌ನಲ್ಲಿ ನನಗೆ ಯೋಚನೆ ಹುಟ್ಟಿಸಿದ ಅಂಕಿ ಇಜಿಎಫ್‌ಆರ್‌ನ 69 ಅಲ್ಲ, ಅಲ್ಬುಮಿನ್ ಅನುಪಾತದ 160. ನಿಮ್ಮ ಔಷಧಗಳ ಪಟ್ಟಿಯಲ್ಲಿ ಆ 160ಕ್ಕಾಗಿ ಒಂದು ಮಾತ್ರೆಯೂ ಇಲ್ಲ.

ಮೊದಲು ಹಾರ್ಮೋನ್ ವಿಷಯ. ಗ್ರೋತ್ ಹಾರ್ಮೋನ್ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಅಲೆಅಲೆಯಾಗಿ, ಹೆಚ್ಚಾಗಿ ಗಾಢ ನಿದ್ದೆಯಲ್ಲಿ ಹೊರಬರುತ್ತದೆ. ಲಿವರ್ ತಲುಪಿ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ತಯಾರಾಗುವಂತೆ ಮಾಡುತ್ತದೆ. ಬೆಳವಣಿಗೆಯ ಬಹುಪಾಲು ಕೆಲಸ ಐಜಿಎಫ್-1ರದ್ದು. ರಕ್ತದಲ್ಲಿ ಅದು ಸಾಕಷ್ಟಾದಾಗ ಪಿಟ್ಯುಟರಿಗೆ ಸುದ್ದಿ ಮುಟ್ಟಿ, ಗ್ರೋತ್ ಹಾರ್ಮೋನ್ ಇಳಿಯುತ್ತದೆ. ಸಕ್ಕರೆಯ ಮೇಲೆ ಗ್ರೋತ್ ಹಾರ್ಮೋನ್‌ನ ಪರಿಣಾಮ ಇನ್ಸುಲಿನ್‌ಗೆ ನೇರ ವಿರುದ್ಧ. ಅದು ಕೊಬ್ಬನ್ನು ಕರಗಿಸುತ್ತದೆ ಎಂಬ ಟ್ರೈನರ್ ಮಾತು ನಿಜ. ಆದರೆ ಕರಗಿದ ಕೊಬ್ಬಿನಾಮ್ಲಗಳು ರಕ್ತಕ್ಕೆ ಬಂದಾಗ ಸ್ನಾಯುಗಳು ಗ್ಲುಕೋಸ್ ಬಳಸುವುದನ್ನು ಕಡಿಮೆ ಮಾಡುತ್ತವೆ, ಲಿವರ್ ಹೆಚ್ಚು ಗ್ಲುಕೋಸ್ ಬಿಡುತ್ತದೆ, ಇನ್ಸುಲಿನ್‌ಗೆ ದೇಹ ಮಣಿಯದಂತಾಗುತ್ತದೆ. ಅರ್ಜೆಂಟಿನಾದ ಬರ್ನಾರ್ಡೊ ಹುಸೇ ಅವರು ಮಧುಮೇಹ ಇರುವ ನಾಯಿಗಳ ಪಿಟ್ಯುಟರಿ ತೆಗೆದರೆ ಸಕ್ಕರೆಯ ತೀವ್ರತೆ ತಗ್ಗುತ್ತದೆ ಎಂದು 1930ರ ಹೊತ್ತಿಗೇ ತೋರಿಸಿದ್ದರು. ಈ ಸಾಲಿನ ಸಂಶೋಧನೆಗೆ ಅವರಿಗೆ 1947ರಲ್ಲಿ ನೊಬೆಲ್ ಬಂತು. ಎಚ್‌ಬಿಎ1ಸಿ 8.2 ಇರುವ ನಿಮಗೆ ಈ ಇಂಜೆಕ್ಷನ್ ಕೊಟ್ಟರೆ ಅದು ಇನ್ನಷ್ಟು ಏರುತ್ತದೆ. ಕಿಡ್ನಿಯ ಮಾತು ಬರುವ ಮೊದಲೇ ಇದೊಂದೇ ಕಾರಣ ಸಾಕು.

ಇನ್ನು ಕಿಡ್ನಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಗಂಟುಗಳಿವೆ. ಇವನ್ನು ಗ್ಲೊಮೆರುಲಸ್ ಎನ್ನುತ್ತೇವೆ. ಪ್ರತಿ ಗಂಟಿನ ಸೂಕ್ಷ್ಮ ರಕ್ತನಾಳಗಳನ್ನು ಹೊರಗಿನಿಂದ ಪೋಡೋಸೈಟ್ ಎಂಬ ಕೋಶಗಳು ತಮ್ಮ ಕವಲೊಡೆದ ಪಾದಗಳಿಂದ ತಬ್ಬಿಕೊಂಡಿರುತ್ತವೆ. ಆ ಪಾದಗಳ ನಡುವಿನ ಸಣ್ಣ ಸೀಳುಗಳಲ್ಲೇ ರಕ್ತ ಸೋಸಿ, ಅಲ್ಬುಮಿನ್ ಎಂಬ ಪ್ರೋಟೀನ್ ಒಳಗೇ ಉಳಿಯುತ್ತದೆ. ಪಾದಗಳು ಚಪ್ಪಟೆಯಾದರೆ ಅಥವಾ ಕೋಶವೇ ಕಳಚಿಬಿದ್ದರೆ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಕಳಚಿಹೋದ ಪೋಡೋಸೈಟ್‌ಗೆ ಬದಲಿ ಹುಟ್ಟುವುದು ತೀರಾ ಕಡಿಮೆ. ನಿಮ್ಮ 160 ಎಂಬ ಅಂಕಿ ಈ ಸೋರಿಕೆಯ ಅಳತೆ.

ಗ್ರೋತ್ ಹಾರ್ಮೋನ್ ಇಲ್ಲಿ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಐಜಿಎಫ್-1 ಮೂಲಕ. ಅದು ಕಿಡ್ನಿಯ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಗಂಟಿಗೆ ನುಗ್ಗುವ ರಕ್ತ ಹೆಚ್ಚುತ್ತದೆ, ಸೋಸುವ ವೇಗ ಏರುತ್ತದೆ, ಕಿಡ್ನಿ ಗಾತ್ರದಲ್ಲೂ ದೊಡ್ಡದಾಗುತ್ತದೆ. ಎರಡನೆಯದು ನೇರ ದಾರಿ. ಪೋಡೋಸೈಟ್‌ಗಳ ಮೇಲೇ ಗ್ರೋತ್ ಹಾರ್ಮೋನ್ ಗ್ರಾಹಕಗಳಿವೆ, ಅಂದರೆ ಹಾರ್ಮೋನ್ ಬಂದು ಅಂಟಿಕೊಳ್ಳುವ ತಾಣಗಳು (ರಿಸೆಪ್ಟರ್). ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ಹೆಚ್ಚಿನ ಗ್ರೋತ್ ಹಾರ್ಮೋನ್ ಪೋಡೋಸೈಟ್‌ಗಳಲ್ಲಿ ಟಿಜಿಎಫ್-ಬೀಟಾ ಮತ್ತು ನಾಚ್ ಎಂಬ ಸಂಕೇತ ಮಾರ್ಗಗಳನ್ನು ಎಬ್ಬಿಸುತ್ತದೆ. ಆಗ ಆ ಕೋಶಗಳು ತಮ್ಮ ಗುಣ ಕಳೆದುಕೊಂಡು ಹಿಡಿತ ಸಡಿಲಿಸುತ್ತವೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಹೆಚ್ಚು ಗ್ರೋತ್ ಹಾರ್ಮೋನ್ ತಯಾರಿಸುವಂತೆ ತಳಿ ಬದಲಿಸಿದ ಇಲಿಗಳಲ್ಲಿ ಈ ಗಂಟುಗಳು ಕಲೆಗಟ್ಟಿ ಗಟ್ಟಿಯಾಗುತ್ತವೆ. ಗ್ರಾಹಕವೇ ಇಲ್ಲದ ಇಲಿಗಳಿಗೆ ಮಧುಮೇಹ ಬರಿಸಿದರೂ ಕಿಡ್ನಿ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

ನಿಮ್ಮ ತಮ್ಮ ಓದಿರುವುದು ಬಹುಶಃ ಇದನ್ನೇ. ಅದು ಗಟ್ಟಿ ವಿಜ್ಞಾನ, ಆದರೆ ಇಲಿಯಿಂದ ನಿಮಗೆ ನೇರ ಜಿಗಿಯಲು ಆಗುವುದಿಲ್ಲ. ರಕ್ತದಲ್ಲಿ ಗ್ರೋತ್ ಹಾರ್ಮೋನ್ ನಿಜಕ್ಕೂ ಏರಿರುವುದು ಮುಖ್ಯವಾಗಿ ಟೈಪ್ 1 ಮಧುಮೇಹ ಹತೋಟಿಯಲ್ಲಿ ಇಲ್ಲದವರಲ್ಲಿ. ಅವರ ಲಿವರ್‌ಗೆ ಸಾಕಷ್ಟು ಇನ್ಸುಲಿನ್ ತಲುಪದ ಕಾರಣ ಅಲ್ಲಿನ ಗ್ರಾಹಕಗಳು ಕಡಿಮೆಯಾಗುತ್ತವೆ, ಐಜಿಎಫ್-1 ತಯಾರಾಗುವುದಿಲ್ಲ, ‘ಸಾಕು’ ಎಂಬ ಸುದ್ದಿ ಪಿಟ್ಯುಟರಿಗೆ ಹೋಗುವುದಿಲ್ಲ, ಅದು ಹಾರ್ಮೋನ್ ಸುರಿಸುತ್ತಲೇ ಇರುತ್ತದೆ. ನಿಮ್ಮದರಂಥ ಟೈಪ್ 2ರಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಇರುವವರಲ್ಲಿ, ಗ್ರೋತ್ ಹಾರ್ಮೋನ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಹಾಗಾಗಿ ‘ಮಧುಮೇಹಿಗಳ ಕಿಡ್ನಿ ಕೆಡುವುದೇ ಈ ಹಾರ್ಮೋನ್‌ನಿಂದ’ ಅನ್ನುವುದು ಅತಿಯಾದ ಮಾತು. ನಿಮ್ಮ ಕಿಡ್ನಿಗೆ ಪೆಟ್ಟು ಕೊಡುತ್ತಿರುವುದು ಮುಖ್ಯವಾಗಿ ಹೆಚ್ಚಿದ ಸಕ್ಕರೆ, ಹೆಚ್ಚಿದ ಬಿಪಿ, ಗಂಟಿನೊಳಗಿನ ಒತ್ತಡ. ಗ್ರೋತ್ ಹಾರ್ಮೋನ್ ಅದೇ ಗಾಯದ ಮೇಲೆ ಬೀಳಬಹುದಾದ ಇನ್ನೊಂದು ಏಟು. ಹೊರಗಿನಿಂದ ಚುಚ್ಚಿಕೊಂಡರೆ ಆ ಏಟನ್ನು ಕೇಳಿ ಪಡೆದಂತೆ.

‘ಇಜಿಎಫ್‌ಆರ್ ಏರುತ್ತದೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಮೋಸಹೋಗುವುದು ಇಲ್ಲೇ. ಅಂಕಿ ಏರಬಹುದು, ನಿಜ. ಪಿಟ್ಯುಟರಿ ಗಡ್ಡೆಯಿಂದ ಗ್ರೋತ್ ಹಾರ್ಮೋನ್ ವಿಪರೀತವಾಗುವ ಆಕ್ರೊಮೆಗಲಿ ಕಾಯಿಲೆಯವರಲ್ಲೂ ಕಿಡ್ನಿ ದೊಡ್ಡದಾಗಿ, ಸೋಸುವ ವೇಗ ಸಾಮಾನ್ಯಕ್ಕಿಂತ ಹೆಚ್ಚಾಗಿರುತ್ತದೆ. ಆದರೆ ಅವರ ಮೂತ್ರದಲ್ಲಿ ಅಲ್ಬುಮಿನ್ ಕಾಣಿಸಿಕೊಳ್ಳುವುದೂ ಹೆಚ್ಚು. ಎರಡು ಎಕರೆ ಉಳುವ ಎತ್ತುಗಳನ್ನು ಹೊಡೆದು ಮೂರು ಎಕರೆ ಉಳುಮೆ ಮಾಡಿಸಿದರೆ ಆ ದಿನದ ಲೆಕ್ಕ ಚೆನ್ನಾಗಿ ಕಾಣುತ್ತದೆ, ಎತ್ತುಗಳಿಗೆ ಬಲ ಬಂದಿರುವುದಿಲ್ಲ. ಮಧುಮೇಹದ ಕಿಡ್ನಿ ಕಾಯಿಲೆ ಎಷ್ಟೋ ಜನರಲ್ಲಿ ಆರಂಭವಾಗುವುದೇ ಹೀಗೆ ಮಿತಿಮೀರಿ ಸೋಸುವುದರಿಂದ. ಒಳ್ಳೆಯ ಔಷಧಗಳು ಮಾಡುವುದು ಇದರ ತದ್ವಿರುದ್ಧ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ಅಥವಾ ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆ ಶುರು ಮಾಡಿದಾಗ ಮೊದಲ ಕೆಲವು ವಾರ ಇಜಿಎಫ್‌ಆರ್ ಸ್ವಲ್ಪ ಇಳಿಯುತ್ತದೆ, ಏಕೆಂದರೆ ಗಂಟಿನೊಳಗಿನ ಒತ್ತಡ ತಗ್ಗಿರುತ್ತದೆ. ಮುಂದೆ ವರ್ಷಗಟ್ಟಲೆ ಅಂಕಿ ಕುಸಿಯುವ ವೇಗ ಕಡಿಮೆಯಾಗುತ್ತದೆ. ಕೆಡಿಸುವ ಇಂಜೆಕ್ಷನ್ ಮೊದಲಿಗೆ ಅಂಕಿ ಏರಿಸುತ್ತದೆ, ಉಳಿಸುವ ಮಾತ್ರೆ ಮೊದಲಿಗೆ ಇಳಿಸುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಮಾತ್ರೆಯನ್ನು ತಿಂಗಳೊಳಗೆ ಬಿಟ್ಟವರು ಬಹಳ.

ಡೋಸ್ ಕೂಡ ನೋಡಿ. 1 ಮಿ.ಗ್ರಾಂ ಎಂದರೆ 3 ಯೂನಿಟ್. ಟ್ರೈನರ್ ಹೇಳಿದ 4 ಯೂನಿಟ್ ಸುಮಾರು 1.3 ಮಿ.ಗ್ರಾಂ ಆಯಿತು. ಪಿಟ್ಯುಟರಿ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಅಥವಾ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವದಿಂದ ಗ್ರಂಥಿ ಕೆಟ್ಟು, ನಿಜಕ್ಕೂ ಈ ಹಾರ್ಮೋನ್ ಕೊರತೆ ಇರುವ ವಯಸ್ಕರಿಗೆ, ಅವರಿಗೆ ಮಧುಮೇಹವೂ ಇದ್ದರೆ, ನಾವು ಆರಂಭಿಸುವುದು ದಿನಕ್ಕೆ 0.1ರಿಂದ 0.2 ಮಿ.ಗ್ರಾಂ. ಅಂದರೆ ನಿಮಗೆ ಹೇಳಿದ್ದು ಅದರ ಆರರಿಂದ ಹದಿಮೂರು ಪಟ್ಟು. ಇಷ್ಟು ತೆಗೆದುಕೊಂಡರೆ ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲು ಊದುತ್ತದೆ, ಬಿಪಿ ಏರುತ್ತದೆ, ಕೀಲು ನೋಯುತ್ತದೆ, ಮಣಿಕಟ್ಟಿನ ನರ ಅದುಮಿ ಬೆರಳು ಜೋಮು ಹಿಡಿಯುತ್ತದೆ. ಸ್ನಾಯು ತುಂಬಿದಂತೆ ಕಾಣುವುದರಲ್ಲಿ ಈ ನೀರಿನ ಪಾಲೇ ದೊಡ್ಡದು, ಬಲ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಕಣ್ಣಿನ ವಿಷಯ ಇನ್ನೂ ಗಂಭೀರ. ಮಧುಮೇಹದಿಂದ ರೆಟಿನಾ ತೀವ್ರವಾಗಿ ಹಾಳಾಗಿದ್ದರೆ ಈ ಔಷಧ ಕೊಡಲೇಬಾರದು ಎಂದು ಔಷಧದ ಚೀಟಿಯಲ್ಲೇ ಬರೆದಿರುತ್ತದೆ. ಮೂತ್ರದಲ್ಲಿ ಅಲ್ಬುಮಿನ್ ಇರುವವರಲ್ಲಿ ರೆಟಿನಾ ತೊಂದರೆಯೂ ಇರುವ ಸಾಧ್ಯತೆ ಹೆಚ್ಚು, ಅದು ಬಹುಕಾಲ ನೋವಿಲ್ಲದೆ ಇರುತ್ತದೆ. ಜಿಮ್‌ಗಳಲ್ಲಿ ಕೈಯಿಂದ ಕೈಗೆ ಬರುವ ವಯಲ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇತ್ತೇ, ಒಳಗಿರುವುದು ಹೇಳಿದ ಔಷಧವೇ ಎಂದು ನೋಡಲು ನಿಮಗೆ ದಾರಿಯಿಲ್ಲ. ‘ಹಾರ್ಮೋನ್ ಅಲ್ಲ, ಪೆಪ್ಟೈಡ್ ಮಾತ್ರ’ ಎಂದು ಕೊಡುವ ಇಪಮೊರೆಲಿನ್, ಸಿಜೆಸಿ-1295, ಮತ್ತು ಎಂಕೆ-677 ಎಂಬ ಮಾತ್ರೆ ನಿಮ್ಮ ಪಿಟ್ಯುಟರಿಯಿಂದಲೇ ಹೆಚ್ಚು ಹಾರ್ಮೋನ್ ಹಿಂಡುತ್ತವೆ. ಅವೂ ಬೇಡ.

ವ್ಯಾಯಾಮ ಮಾಡಿದಾಗಲೂ ಗ್ರೋತ್ ಹಾರ್ಮೋನ್ ಏರುತ್ತದಲ್ಲ ಎಂದು ಹೆದರಬೇಡಿ. ಅದು ಅಲ್ಪಹೊತ್ತಿನ ಏರಿಕೆ, ತಾನೇ ಇಳಿಯುತ್ತದೆ. ಜಿಮ್ ಮುಂದುವರಿಸಿ.

ಈಗ ತಮ್ಮ ಹೇಳಿದ ತಡೆ ಔಷಧ. ಪೆಗ್ವಿಸೋಮ್ಯಾಂಟ್ ಎಂಬುದು ಗ್ರೋತ್ ಹಾರ್ಮೋನ್ ಗ್ರಾಹಕವನ್ನೇ ಮುಚ್ಚುತ್ತದೆ. ಅಮೆರಿಕದಲ್ಲಿ 2003ರಲ್ಲಿ ಆಕ್ರೊಮೆಗಲಿಗೆ ಅನುಮತಿ ಪಡೆಯಿತು. ಮಧುಮೇಹದ ಕಿಡ್ನಿ ಕಾಯಿಲೆಗೆ ಅದಕ್ಕೆ ಅನುಮತಿ ಇಲ್ಲ. ಬೆಲೆ ತುಂಬಾ ಹೆಚ್ಚು, ಲಿವರ್ ಕಿಣ್ವಗಳು ಏರಬಹುದು. ಆಕ್ಟ್ರಿಯೊಟೈಡ್ ಎಂಬ ಇನ್ನೊಂದು ಔಷಧವನ್ನು ಟೈಪ್ 1 ಮಧುಮೇಹದವರ ಚಿಕ್ಕ ಗುಂಪುಗಳಲ್ಲಿ ನೋಡಿದಾಗ ಕಿಡ್ನಿಯ ಗಾತ್ರ ಮತ್ತು ಅತಿಸೋಸುವಿಕೆ ತಗ್ಗಿತ್ತು. ಆದರೆ ಭೇದಿ, ಪಿತ್ತಕೋಶದ ಕಲ್ಲು, ಸಕ್ಕರೆಯ ಏರುಪೇರು ಅದರ ಜೊತೆಗೇ ಬರುತ್ತವೆ. ಡಯಾಲಿಸಿಸ್ ತಪ್ಪಿಸುತ್ತದೆ ಎಂದು ತೋರಿಸುವ ದೊಡ್ಡ ಅಧ್ಯಯನ ಇಲ್ಲದೆ ಇದನ್ನು ಬರೆದುಕೊಡುವುದು ಸರಿಯಲ್ಲ. 1950 ಮತ್ತು 60ರ ದಶಕಗಳಲ್ಲಿ ಮಧುಮೇಹದ ರೆಟಿನಾ ಕಾಯಿಲೆಗೆ ಪಿಟ್ಯುಟರಿಯನ್ನೇ ತೆಗೆಯುತ್ತಿದ್ದರು. ಕೆಲವರ ಕಣ್ಣು ಸುಧಾರಿಸಿತು, ಆದರೆ ಕಾರ್ಟಿಸಾಲ್, ಥೈರಾಯ್ಡ್ ಎಲ್ಲ ಹೋಗಿ, ಜೀವಕ್ಕೇ ಕುತ್ತು ತರುವಷ್ಟು ಸಕ್ಕರೆ ಇಳಿಯುತ್ತಿತ್ತು. ಲೇಸರ್ ಬಂದ ಮೇಲೆ ಆ ಚಿಕಿತ್ಸೆಯನ್ನು ಕೈಬಿಟ್ಟರು.

ಟೆಸ್ಟ್ ಕೂಡ ಬೇಕಿಲ್ಲ. ಹಾರ್ಮೋನ್ ಅಲೆಯಾಗಿ ಬರುವುದರಿಂದ ಯಾವಾಗಲೋ ಒಮ್ಮೆ ತೆಗೆದ ರಕ್ತದಲ್ಲಿ ಸಿಗುವ ಅಂಕಿಗೆ ಅರ್ಥವಿಲ್ಲ. ಐಜಿಎಫ್-1 ಕೂಡ ಸಕ್ಕರೆ ಹೆಚ್ಚಿದ್ದಾಗ ಇಳಿಯುತ್ತದೆ, ಕಿಡ್ನಿ ಸೋತಾಗ ಅದನ್ನು ಹಿಡಿದಿಡುವ ಪ್ರೋಟೀನ್‌ಗಳು ರಕ್ತದಲ್ಲಿ ಉಳಿದು ಲೆಕ್ಕ ಕೆಡಿಸುತ್ತವೆ. ಉಂಗುರ ಬಿಗಿಯಾಗುವುದು, ಚಪ್ಪಲಿಯ ಅಳತೆ ಹೆಚ್ಚುವುದು, ದವಡೆ ಮುಂದೆ ಬರುವುದು, ವಿಪರೀತ ಬೆವರು, ಹೊಸದಾಗಿ ಜೋರು ಗೊರಕೆ ಕಾಣಿಸಿಕೊಂಡಿದ್ದರೆ ಮಾತ್ರ ಆಕ್ರೊಮೆಗಲಿ ಇದೆಯೇ ಎಂದು ನೋಡಲು ಐಜಿಎಫ್-1 ಮಾಡಿಸಬೇಕು.

ಅಕ್ಕನ ಮಗಳ ವಿಷಯ ಚಿಕ್ಕದಾಗಿ. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವ ಮಕ್ಕಳ ದೇಹ ತನ್ನದೇ ಗ್ರೋತ್ ಹಾರ್ಮೋನ್‌ಗೆ ಓಗೊಡುವುದಿಲ್ಲ, ಬಳಕೆಗೆ ಸಿಗುವ ಐಜಿಎಫ್-1 ಕಡಿಮೆಯಾಗಿ ಎತ್ತರ ನಿಂತುಹೋಗುತ್ತದೆ. ಮೂಳೆಯ ತುದಿಗಳು ಇನ್ನೂ ಕೂಡಿಕೊಳ್ಳದ ಆ ವಯಸ್ಸಿನಲ್ಲಿ ಕೆ.ಜಿ. ತೂಕಕ್ಕೆ ದಿನಕ್ಕೆ 0.045ರಿಂದ 0.05 ಮಿ.ಗ್ರಾಂನಂತೆ ಕೊಟ್ಟರೆ ಎತ್ತರ ಏರುತ್ತದೆ. ಹೀಗೆ ಕೊಟ್ಟದ್ದರಿಂದ ಮಕ್ಕಳ ಕಿಡ್ನಿ ಬೇಗ ಸೋಲುತ್ತದೆ ಎಂಬುದು ಕಂಡುಬಂದಿಲ್ಲ. ಅವಳಿಗೆ ಕಳೆದುಕೊಂಡ ಬೆಳವಣಿಗೆ ಮರಳಿ ಬರುತ್ತದೆ. ನಿಮ್ಮ ಮೂಳೆಗಳು ಎಂದೋ ಕೂಡಿಕೊಂಡಿವೆ, ಜೊತೆಗೆ ಮಧುಮೇಹ ಇದೆ. ಅವಳಿಗೆ ಸೊಂಟದ ಕೀಲು ಅಥವಾ ಮಂಡಿ ನೋವು, ಕುಂಟು, ವಾಂತಿಯೊಂದಿಗೆ ತಲೆನೋವು ಬಂದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕೆಂದು ಅಕ್ಕನಿಗೆ ಹೇಳಿ. ಚಿಕಿತ್ಸೆಯನ್ನು ತಾವೇ ನಿಲ್ಲಿಸುವುದು ಬೇಡ.

ಇನ್ನು ನಿಮ್ಮ ಕೆಲಸ. ನಿಮ್ಮ ರಿಪೋರ್ಟ್ ಅನ್ನು ಮೊದಲು ಶುದ್ಧ ಮಾಡಿಕೊಳ್ಳಬೇಕು. ಕ್ರಿಯೇಟಿನ್ ಪುಡಿ ದೇಹದಲ್ಲಿ ಕ್ರಿಯಾಟಿನಿನ್ ಆಗಿ ಬದಲಾಗುತ್ತದೆ, ಸ್ನಾಯು ಹೆಚ್ಚಿರುವವರಲ್ಲಿ ಅದು ಮೊದಲೇ ತುಸು ಹೆಚ್ಚು. ಇಜಿಎಫ್‌ಆರ್ ಲೆಕ್ಕ ಹಾಕುವುದು ಈ ಕ್ರಿಯಾಟಿನಿನ್‌ನಿಂದಲೇ. ಹಾಗಾಗಿ 1.3 ಎಂಬುದು ಕಿಡ್ನಿಯ ಸೋಲನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತಿರಬಹುದು. ಕ್ರಿಯೇಟಿನ್ ನಿಲ್ಲಿಸಿ, ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಹಿಂದಿನ ದಿನ ಭಾರ ಎತ್ತಬೇಡಿ, ಹಿಂದಿನ ರಾತ್ರಿ ಮಾಂಸದೂಟ ಬೇಡ. ಜೊತೆಗೆ ಸಿಸ್ಟಾಟಿನ್ ಸಿ ಪರೀಕ್ಷೆ ಸೇರಿಸಿದರೆ ಸ್ನಾಯುವಿನ ಗೊಂದಲ ಬಹುಪಾಲು ತಪ್ಪುತ್ತದೆ. ಅಲ್ಬುಮಿನ್‌ಗೆ ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ವ್ಯಾಯಾಮ ಇವೆಲ್ಲ ಅಲ್ಬುಮಿನ್ ಅಂಕಿಯನ್ನು ಸುಳ್ಳೇ ಏರಿಸುತ್ತವೆ. ಮೂರರಿಂದ ಆರು ತಿಂಗಳೊಳಗಿನ ಮೂರು ಪರೀಕ್ಷೆಗಳಲ್ಲಿ ಎರಡು ಸಲ 30 ದಾಟಿದರೆ ಕಾಯಿಲೆ ಖಚಿತ. ನಿಮ್ಮದು 160 ಇರುವುದರಿಂದ ಅದು ಸಂಪೂರ್ಣ ಸುಳ್ಳಾಗುವ ಸಂಭವ ಕಡಿಮೆ.

ಖಚಿತವಾದ ಮೇಲೆ ನಿಮ್ಮ ಡಾಕ್ಟರ ಬಳಿ ಎರಡು ಔಷಧಗಳ ಬಗ್ಗೆ ನೇರವಾಗಿ ಕೇಳಿ. ಅಮ್ಲೋಡಿಪಿನ್ ಬಿಪಿ ಇಳಿಸುತ್ತದೆ, ಆದರೆ ಅಲ್ಬುಮಿನ್ ಸೋರಿಕೆಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಅಥವಾ ರಾಮಿಪ್ರಿಲ್ ಗುಂಪಿನ ಒಂದು ಮಾತ್ರೆ ನಿಮಗೆ ಬೇಕು. ಒಂದೇ ಸಾಕು, ಎರಡನ್ನು ಕೂಡಿಸಬಾರದು. ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಬೇಕು. ಕ್ರಿಯಾಟಿನಿನ್ ಶೇ 30ರೊಳಗೆ ಏರಿದರೆ ಮಾತ್ರೆ ಬಿಡಬೇಡಿ. ಅದಕ್ಕಿಂತ ಹೆಚ್ಚಾದರೆ, ಅಥವಾ ಪೊಟ್ಯಾಸಿಯಂ 5.5 ದಾಟಿದರೆ ಡಾಕ್ಟರನ್ನು ಕಾಣಿ. ಜಿಮ್ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಈ ಮಾತ್ರೆಯ ಜೊತೆ ಅದು ಅಪಾಯ.

ಎರಡನೆಯದು ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಅಥವಾ ಎಂಪಾಗ್ಲಿಫ್ಲೋಜಿನ್. 2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನದಲ್ಲಿ ಮಧುಮೇಹ ಇದ್ದವರೂ ಇಲ್ಲದವರೂ ಇದ್ದರು. ಕಿಡ್ನಿಯ ಸಾಮರ್ಥ್ಯ ಅರ್ಧಕ್ಕಿಳಿಯುವುದು, ಕಿಡ್ನಿ ಸೋಲು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿ ಶೇ 39ರಷ್ಟು ತಗ್ಗಿತ್ತು. ಅದರಲ್ಲಿದ್ದವರ ಕಾಯಿಲೆ ನಿಮ್ಮದಕ್ಕಿಂತ ಮುಂದುವರಿದಿತ್ತು, ಆದರೂ ನಿಮ್ಮ ಹಂತದಲ್ಲೇ ಶುರು ಮಾಡುವುದು ಈಗಿನ ಪದ್ಧತಿ. ಇದರ ಅಪಾಯಗಳನ್ನೂ ತಿಳಿದಿರಿ. ಜನನಾಂಗದಲ್ಲಿ ಫಂಗಸ್ ಸೋಂಕು ಬರಬಹುದು, ಮೂತ್ರದ ನಂತರ ನೀರಿನಿಂದ ತೊಳೆದುಕೊಂಡರೆ ಬಹುಪಾಲು ತಪ್ಪುತ್ತದೆ. ಅಪರೂಪಕ್ಕೆ, ಸಕ್ಕರೆ ಹೆಚ್ಚೇನೂ ಇಲ್ಲದಿದ್ದರೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯಕಾರಿ ಸ್ಥಿತಿ) ಆಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ. ವಾಂತಿ-ಭೇದಿ ಇದ್ದಾಗ, ಊಟ ಬಿಟ್ಟು ಉಪವಾಸ ಇದ್ದಾಗ, ಶಸ್ತ್ರಚಿಕಿತ್ಸೆಗೆ ಮೂರು ದಿನ ಮೊದಲು ಮಾತ್ರೆ ನಿಲ್ಲಿಸಬೇಕು. ಜಿಮ್‌ನಲ್ಲಿ ಯಾರಾದರೂ ಕೀಟೋ ಡಯೆಟ್ ಹೇಳಿದರೆ ಈ ಮಾತ್ರೆಯ ಜೊತೆ ಅದು ಖಂಡಿತ ಬೇಡ. ಇದು ಸೇರಿದಾಗ ಗ್ಲಿಮೆಪಿರೈಡ್ ಡೋಸ್ ಇಳಿಸಬೇಕಾಗಬಹುದು. ಇವೆರಡರ ನಂತರವೂ ಅಲ್ಬುಮಿನ್ ಉಳಿದರೆ ಫಿನೆರೆನೋನ್, ತೂಕವೂ ಇಳಿಯಬೇಕಿದ್ದರೆ ಸೆಮಾಗ್ಲುಟೈಡ್ ಇದೆ. ಅದು ಮುಂದಿನ ಮಾತು.

ಪ್ರೋಟೀನ್ ಲೆಕ್ಕ ಹಾಕಿ. 82 ಕೆ.ಜಿ.ಗೆ ಕೆ.ಜಿ.ಗೆ 0.8 ಗ್ರಾಂನಂತೆ ದಿನಕ್ಕೆ ಸುಮಾರು 66 ಗ್ರಾಂ ಸಾಕು. ನಿಮ್ಮ ಎರಡು ಸ್ಕೂಪ್‌ನಲ್ಲೇ 50 ಗ್ರಾಂ ಹತ್ತಿರ ಹೋಯಿತು, ಬೇಳೆ, ಮೊಸರು, ಮೊಟ್ಟೆ ಬೇರೆ. ಹೆಚ್ಚಿನ ಪ್ರೋಟೀನ್ ಕೂಡ ಕಿಡ್ನಿಯನ್ನು ಅತಿಯಾಗಿ ಸೋಸಲು ದೂಡುತ್ತದೆ. ವೇ ನಿಲ್ಲಿಸಿ ಊಟದಿಂದಲೇ ಪಡೆಯಿರಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಂಡಕ್ಕಿ-ಮೆಣಸಿನಕಾಯಿಯ ಉಪ್ಪೂ ಸೇರಿ. ಉಪ್ಪು ಇಳಿಯದಿದ್ದರೆ ಟೆಲ್ಮಿಸಾರ್ಟಾನ್ ಅಲ್ಬುಮಿನ್ ಮೇಲೆ ಅರ್ಧ ಕೆಲಸವನ್ನೂ ಮಾಡದೆ ಹೋಗಬಹುದು. ಮನೆಯಲ್ಲಿ ಬಿಪಿ ನೋಡಿಕೊಳ್ಳಿ, 130/80ರ ಒಳಗಿರಬೇಕು. ಎಚ್‌ಬಿಎ1ಸಿ 7ರ ಹತ್ತಿರ ಬರಲಿ. ಈ ತಿಂಗಳೇ ಕಣ್ಣಿಗೆ ಡ್ರಾಪ್ಸ್ ಹಾಕಿ ರೆಟಿನಾ ಪರೀಕ್ಷೆ ಮಾಡಿಸಿ. ಮೂರು ತಿಂಗಳಾದ ಮೇಲೆ 160 ಎಂಬುದು 110ರ ಆಸುಪಾಸಿಗೆ ಇಳಿದರೆ ಚಿಕಿತ್ಸೆ ಹಿಡಿದಿದೆ ಎಂದು ತಿಳಿಯಿರಿ.

ಇಂಜೆಕ್ಷನ್ ಈಗಾಗಲೇ ಒಂದಿಷ್ಟು ದಿನ ತೆಗೆದುಕೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಅದನ್ನು ಸ್ಟೀರಾಯ್ಡ್‌ನಂತೆ ಹಂತಹಂತವಾಗಿ ಇಳಿಸಬೇಕಿಲ್ಲ, ಒಮ್ಮೆಲೇ ನಿಲ್ಲಿಸಬಹುದು. ಆದರೆ ಆ ದಿನಗಳಲ್ಲಿ ಸಕ್ಕರೆ ಏರಿದೆಯೆಂದು ಗ್ಲಿಮೆಪಿರೈಡ್ ಹೆಚ್ಚಿಸಿದ್ದರೆ, ನಿಲ್ಲಿಸಿದ ಮೇಲೆ ಸಕ್ಕರೆ ದಿಢೀರನೆ ಇಳಿಯಬಹುದು. ಎರಡು ವಾರ ಬೆಳಗಿನ ಖಾಲಿ ಹೊಟ್ಟೆಯಲ್ಲೂ ರಾತ್ರಿ ಊಟಕ್ಕೆ ಮೊದಲೂ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ, 70ಕ್ಕಿಂತ ಕೆಳಗೆ ಒಮ್ಮೆ ಬಂದರೂ ಡಾಕ್ಟರಿಗೆ ಫೋನ್ ಮಾಡಿ. ಇಜಿಎಫ್‌ಆರ್ ಮತ್ತು ಅಲ್ಬುಮಿನ್ ಅನ್ನು ಇಂಜೆಕ್ಷನ್ ನಿಲ್ಲಿಸಿ ಆರು ವಾರವಾದ ಮೇಲೆ ಮಾಡಿಸಿ. ಅದಕ್ಕೆ ಮೊದಲು ಮಾಡಿಸಿದರೆ ಸಿಗುವ ಅಂಕಿ ನಿಮ್ಮ ಕಿಡ್ನಿಯದ್ದೋ ಹಾರ್ಮೋನ್‌ನದ್ದೋ ಹೇಳಲು ಬರುವುದಿಲ್ಲ.